ರೂಟರಿಗೆ ಬಂದ ಜ್ವರ

೨೦೨೩ರ ಏಪ್ರಿಲ್ ೧೯, ಬುಧವಾರ, ಬೆಳಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ ಶೈತ್ಯಾಗಾರದ ಮೇಲ್ವಿಚಾರಕ ತನ್ನ ಮನೆಯ ಹೊಸ ರೂಟರಿನ ಬೆನ್ನು ಮುಟ್ಟಿ, ಚುರುಕ್ಕೆಂದು ಕೈ ಹಿಂದೆಗೆದುಕೊಂಡ. ಅದನ್ನು ಕಪಾಟಿನ ಮೇಲೆ ಕೂರಿಸಿದ ಇಂಟರ್ನೆಟ್ ಕಂಪನಿಯ ಕೆಲಸದವನು ಹೋಗಿ ಇನ್ನೂ ಒಂದು ತಾಸಾಗಿರಲಿಲ್ಲ. ತನ್ನ ಕಸುಬಿನ ಥರ್ಮಾಮೀಟರ್ ತಂದು ಒತ್ತಿ ಹಿಡಿದ. ನಲವತ್ತಾರು ಡಿಗ್ರಿ!

ಬೇರೆಯವರಾದರೆ ಸುಮ್ಮನಿರುತ್ತಿದ್ದರು. ಲಸಿಕೆಗಳನ್ನು ಎರಡರಿಂದ ಎಂಟು ಡಿಗ್ರಿಯೊಳಗೆ ಕಾಯುತ್ತ ಹನ್ನೊಂದು ವರ್ಷ ಸವೆಸಿದ ಇವನಿಗೆ ಒಂಬತ್ತೆಂದರೇ ಎದೆ ಡವಗುಟ್ಟುತ್ತಿತ್ತು. 'ಈ ಬಾಗಿಲು ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿರಕೂಡದು' ಎಂದು ಶೈತ್ಯಾಗಾರಕ್ಕೆ ಕೆಂಪಕ್ಷರದಲ್ಲಿ ಬರೆದು ಅಂಟಿಸಿದವನೂ ಇವನೇ. ಸಾಲದ್ದಕ್ಕೆ ಇವತ್ತು ನಾಲ್ಕು ಗಂಟೆಗೆ ಮುಖ್ಯಸ್ಥನ ಹುದ್ದೆಗೆ ಸಂದರ್ಶನ, ವಿಡಿಯೋದಲ್ಲಿ, ಮನೆಯಿಂದಲೇ. ರೂಟರ್ ಹಾಕಿಸಿದ್ದೇ ಅದಕ್ಕೆ.

"ಅದರ ಜೊತೆ ಬಂದ ಪುಸ್ತಕ ಓದ್ರೀ," ಎಂದಳು ಹೆಂಡತಿ.

"ತಣ್ಣಗಿಡೋದು ಹೇಗೆ ಅಂತ ನಂಗೆ ಪುಸ್ತಕ ಹೇಳ್ಕೊಡ್ಬೇಕಾ?"

ದಿಂಬಿನ ಕವರು ಹೊಲಿದು ತಂದಿದ್ದ ಎದುರುಮನೆಯ ಟೈಲರಮ್ಮ ಇಣುಕಿದಳು. "ಅಯ್ಯೋ, ನಮ್ಮಣ್ಣನ ಮನೇಲೂ ಹೀಗೇ ಬಿಸಿಯಾಗ್ತಿತ್ತು. ಒಂದಿನ ಟಪ್ ಅಂತು. ಮತ್ತೆ ಏಳಲೇ ಇಲ್ಲ."

"ಯಾರು, ನಿಮ್ಮಣ್ಣನಾ?"

"ಬಿಡ್ತು ಅನ್ನಿ! ಅಣ್ಣ ಗುಂಡುಕಲ್ಲಿನ ಹಾಗಿದಾನೆ. ಆ ಪೆಟ್ಟಿಗೆ!"

ಗದ್ದಲ ಕೇಳಿ ಕೆಳಗಿನ ಮನೆಯ ನಿವೃತ್ತ ಹೆಡ್‌ಮಾಸ್ಟರು ಮೆಟ್ಟಿಲು ಹತ್ತಿ ಬಂದರು. ರೂಟರಿನ ನಾಡಿ ಹಿಡಿದವರಂತೆ ಕಣ್ಣು ಮುಚ್ಚಿ, "ಜ್ವರ. ಒದ್ದೆಬಟ್ಟೆ ಹಾಕಯ್ಯ," ಎಂದರು. ಅವನು ತಂದ ಒದ್ದೆಬಟ್ಟೆಯನ್ನು ಹೆಂಡತಿ ಕಿತ್ತುಕೊಂಡಳು. ಟೇಬಲ್ ಫ್ಯಾನು ಬಂತು. ರೂಟರ್ ಮೂರು ಡಿಗ್ರಿ ಇಳಿಯಿತು. ಸಂದರ್ಶನಕ್ಕೆ ಬರೆದಿಟ್ಟಿದ್ದ ಉತ್ತರಗಳೆಲ್ಲ ಕಿಟಕಿಯಿಂದ ಬೀದಿಗಿಳಿದವು. ಹೆಡ್‌ಮಾಸ್ಟರೇ ಹೋಗಿ ಆರಿಸಿ ತಂದರು. ತರುವ ದಾರಿಯಲ್ಲೇ ತಿದ್ದಿಯೂ ಇದ್ದರು. "ಹತ್ತಕ್ಕೆ ನಾಲ್ಕು ಕೊಟ್ಟಿದೀನಿ. ಇನ್ನೂ ಓದ್ಬೇಕು ನೀನು."

ಮಧ್ಯಾಹ್ನ ಬಿಸಿಲು ಗೋಡೆಗೆ ಬಿದ್ದಿತು. ಮೂರೂವರೆಗೆ ನಲವತ್ತೇಳು.

"ಸಂದರ್ಶನದ ಮಧ್ಯದಲ್ಲಿ ಟಪ್ ಅಂದ್ರೆ?" ಎಂದ ಅವನು.

"ತಣ್ಣಗಿಡೋದೇ ನಿಮ್ಮ ಕಸುಬು," ಎಂದಳು ಟೈಲರಮ್ಮ. "ಮನೇಲಿ ಫ್ರಿಜ್ ಇಟ್ಕೊಂಡು ಯಾಕ್ರೀ ಒದ್ದಾಡ್ತೀರಿ?"

ಹನ್ನೊಂದು ವರ್ಷದ ಅನುಭವ ಒಮ್ಮೆಲೇ ಹೌದೆಂದಿತು. ಕೆಲಸದವನು ಉದಾರವಾಗಿ ಸುತ್ತಿಟ್ಟು ಹೋಗಿದ್ದ ತಂತಿ ಅಡುಗೆಮನೆಯವರೆಗೆ ಸಾಕಾಯಿತು. ರೂಟರ್ ಎಲೆಕೋಸಿನ ಪಕ್ಕ ಕುಳಿತಿತು. ಮತ್ತೆ ಚಾಲೂ ಆಗಲು ಭರ್ತಿ ಎಂಟು ನಿಮಿಷ ತೆಗೆದುಕೊಂಡಿತು. ಥರ್ಮಾಮೀಟರನ್ನೂ ಒಳಗಿಟ್ಟು ಬಾಗಿಲು ಹಾಕಿದ. ಮೂರು ಐವತ್ತೈದಕ್ಕೆ ಏಳು ಡಿಗ್ರಿ. ಅವನು ದಿನವಿಡೀ ಕಾದ ಅಂಕಿ!

ಆದರೆ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ಸೊನ್ನೆ.

"ತಗಡಿನ ಪೆಟ್ಟಿಗೆಯೊಳಗೆ ಕೂಡಿಹಾಕಿದ್ರೆ ಅಲೆ ಹೊರಗೆ ಬರುತ್ತೇನಯ್ಯ?" ಎಂದರು ಹೆಡ್‌ಮಾಸ್ಟರು. ಬಾಗಿಲು ತೆರೆದ. ಸಿಗ್ನಲ್ ಬಂತು. ಹಾಕಿದ. ಹೋಯಿತು. ತಂತಿ ಬಿಚ್ಚಿ ಕಪಾಟಿಗೆ ವಾಪಸು ಒಯ್ದರೆ ಚಾಲೂ ಆಗಲು ಇನ್ನೊಮ್ಮೆ ಎಂಟು ನಿಮಿಷ, ಉಳಿದಿದ್ದು ಎರಡು. ಫ್ರಿಜ್ ಬಾಗಿಲನ್ನು ಬಕೆಟ್ ಅಡ್ಡಕೊಟ್ಟು ತೆರೆದೇ ಇಟ್ಟು, ಲ್ಯಾಪ್‌ಟಾಪನ್ನು ಅದರ ಎದುರಿಗಿರಿಸಿ, ನಡುವೆ ಸ್ಟೂಲ್ ಹಾಕಿಕೊಂಡು ಕುಳಿತ. ಬೆನ್ನಿಗೆ ತಂಪು ಗಾಳಿ, ತಲೆಯ ಸುತ್ತ ಫ್ರಿಜ್ಜಿನ ಬೆಳಕಿನ ಪ್ರಭೆ.

ಪರದೆಯಲ್ಲಿ ಮೂವರು ಮೂಡಿದರು. ಅವನು ಇಪ್ಪತ್ತು ನಿಮಿಷ ಎಲ್ಲೂ ತಡವರಿಸಲಿಲ್ಲ.

"ಕೊನೇ ಪ್ರಶ್ನೆ," ಎಂದರು ನಡುವೆ ಕುಳಿತಿದ್ದ ಮೇಡಂ. "ಶೈತ್ಯಾಗಾರ ಕಾಯೋನ ಮೊದಲ ಕರ್ತವ್ಯ ಏನು?"

"ಬಾಗಿಲು, ಮೇಡಂ! ಏನೇ ಆಗ್ಲಿ, ಒಂದು ನಿಮಿಷಕ್ಕಿಂತ ಹೆಚ್ಚು ತೆರೆದಿಡಬಾರದು."

"ಸರಿಯಾಗಿ ಹೇಳಿದ್ರಿ. ನಿಮ್ಮ ಹೆಗಲ ಹಿಂದಿಂದ ಒಂದು ಎಲೆಕೋಸು ಆಗಿನಿಂದ ನಮ್ಮನ್ನೇ ನೋಡ್ತಿದೆಯಲ್ಲ, ಅದು ಎಲ್ಲಿ ಕೂತಿದೆ?"

ಅವನು ಮೆಲ್ಲನೆ ಹಿಂದಿರುಗಿ ನೋಡಿದ. ಅದೇ ಹೊತ್ತಿಗೆ ಅಡುಗೆಮನೆಯ ಬಾಗಿಲ ಬಳಿ ನಿಂತ ಹೆಂಡತಿ, ಕೈಯಲ್ಲಿ ಪುಸ್ತಕ ಹಿಡಿದು, ಪಿಸುಮಾತೆಂದುಕೊಂಡು ಮೂವರಿಗೂ ಕೇಳುವಂತೆ ಹೇಳಿದಳು: "ರೀ, ಇದರ ಮೈ ಐವತ್ತು ಡಿಗ್ರಿವರೆಗೆ ಬಿಸಿಯಾಗೋದು ಸಹಜವಂತೆ. ಗಾಳಿಯಾಡೋ ಕಡೆ ಇಟ್ಟು ಸುಮ್ಮನಿರಿ ಅಂತ ಬರ್ದಿದಾರೆ."

ಮೇಡಂ ಕನ್ನಡಕ ತೆಗೆದರು. "ಒಳಗೆ ಥರ್ಮಾಮೀಟರೂ ಕಾಣ್ತಿದೆ. ಎಷ್ಟಿದೆ, ಓದಿ ಹೇಳಿ."

ಹನ್ನೊಂದು ವರ್ಷದಲ್ಲಿ ಅವನು ಒಂದು ಅಂಕಿಯನ್ನೂ ಸುಳ್ಳು ಓದಿರಲಿಲ್ಲ. ಬಗ್ಗಿ ನೋಡಿ, ಸ್ಪಷ್ಟವಾಗಿ ಓದಿದ:

"ಇಪ್ಪತ್ತೊಂದೂವರೆ ಡಿಗ್ರಿ, ಮೇಡಂ."