ಭಾವ ಹೊಡೆಯದೆ ಬಿಟ್ಟ ಮೀನುಗಳು

ಮೀನು ಹಿಡಿಯದೆ ಇರುವ ವಿದ್ಯೆಯಲ್ಲಿ ನಮ್ಮ ಭಾವನನ್ನು ಸರಿಗಟ್ಟುವವರು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲ್ಲೂಕುಗಳಲ್ಲಿ ಇನ್ನೂ ಹುಟ್ಟಿಲ್ಲ! ಮೀನು ಹಿಡಿಯಲು ಬಾರದವರು ಊರಿಗೆ ನೂರು ಜನ ಸಿಗುತ್ತಾರೆ, ಅದರಲ್ಲೇನು ಹೆಚ್ಚುಗಾರಿಕೆ? ನಮ್ಮ ಭಾವನ ಕತೆ ಹಾಗಲ್ಲ. ಈಟಿ ಇತ್ತು, ಕೆರೆ ಇತ್ತು, ಕೆರೆಯಲ್ಲಿ ಮೀನಿತ್ತು, ಆ ಮೀನು ತಾನಾಗಿ ಬಂದು ಈಟಿಯ ಕೆಳಗೇ ನಿಲ್ಲುತ್ತಿತ್ತು. ಆದರೂ ಹೊಡೆಯುತ್ತಿರಲಿಲ್ಲ! ಹೊಡೆಯದ್ದಕ್ಕೆ ಪ್ರತಿ ಸಲವೂ ಒಂದು ಘನವಾದ ಕಾರಣ. ಆ ಕಾರಣಗಳನ್ನೇ ಸಾರು ಮಾಡಿ ಉಣ್ಣುವ ಹಾಗಿದ್ದರೆ ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಷ್ಟು ಸೊರಗುತ್ತಿರಲಿಲ್ಲ.

ಭಾವ ಎಂದರೆ ನನ್ನ ದೊಡ್ಡಕ್ಕನ ಗಂಡ. ಕಮ್ಮರಡಿಯಲ್ಲಿ ಬಸ್ಸು ನಿಲ್ಲುವ ಕಡೆ ಅವರದೊಂದು ಸಣ್ಣ ದಿನಸಿ ಅಂಗಡಿ. ನಾನು ಕೊಪ್ಪದ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಊಟ, ನಿದ್ದೆ ಅಕ್ಕನ ಮನೆಯಲ್ಲಿ. ವಾರವಿಡೀ ಊರವರ ಕೆಟ್ಟ ರೇಡಿಯೋಗಳ ಗೊರಗೊರ ಕೇಳಿ, ಭಾನುವಾರ ಒಂದು ದಿನ ಮುಸುಕೆಳೆದು ಮಲಗೋಣ ಅಂದರೆ ಅಕ್ಕ ಬಂದು ಹೊದಿಕೆ ಎಳೆಯುತ್ತಿದ್ದಳು.

"ಏಳ ಮಾರಾಯ, ನಿಮ್ಮ ಭಾವ ಕೆರೆಗೆ ಹೊರಟ್ರು. ಜೊತೆಗೆ ಹೋಗು."

"ಅವರಿಗೆ ದಾರಿ ಗೊತ್ತಿಲ್ವ? ನಾನೆಂತಕ್ಕೆ?"

"ಹೋಗು ಅಂದ್ರೆ ಹೋಗು. ಜೊತೆಗೊಬ್ರು ಇರ್ಲಿ."

ನಾನು ಗೊಣಗುತ್ತಾ ಏಳುತ್ತಿದ್ದೆ. ಏಳದೆ ಎಲ್ಲಿಗೆ ಹೋಗಲಿ, ಅನ್ನ ಹಾಕುವವಳು ಅವಳು!

ಇದಕ್ಕೆಲ್ಲ ಮೂಲ ನೆಂಟರ ಮನೆಯ ಒಂದು ಊಟ. ಅಲ್ಲಿ ಹೊಳೆ ಮೀನಿನ ಸಾರು ಬಡಿಸಿದ್ದರು, ಮೈತುಂಬ ಮುಳ್ಳಿರುವ ಜಾತಿ. ಪಂಕ್ತಿಯ ನಡುವೆ ಭಾವನ ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡಿತು. ಕಣ್ಣು ಮೇಲೆ, ನಾಲಿಗೆ ಹೊರಗೆ! ಒಬ್ಬರು ಬೆನ್ನಿಗೆ ಗುದ್ದಿದರು, ಒಬ್ಬರು ಅನ್ನದ ಉಂಡೆ ಬಾಯಿಗೆ ತುರುಕಿದರು, ಹೆಂಗಸರು ಬಾಯಿಗೆ ಸೆರಗಿಟ್ಟು ನಕ್ಕರು. ಮುಳ್ಳು ಇಳಿದದ್ದೇ ಭಾವ ಎಂಜಲು ಕೈಯಲ್ಲೇ ಎದ್ದು ನಿಂತು ಘೋಷಿಸಿದರು: "ಇದೊಂದು ಮೀನಾ? ತಿಂದ್ರೆ ಕುಚ್ಚು ಮೀನು ತಿನ್ನಬೇಕು, ನಡುಮುಳ್ಳು ಒಂದು ಬಿಟ್ರೆ ಬೇರೆ ಇಲ್ಲ. ನಮ್ಮ ಕೆರೆಯ ಮುದುಕನ್ನ ನಾನು ಈಟಿಯಲ್ಲಿ ಹೊಡೆದು ತರೋ ತನಕ ನನ್ನ ಮನೆ ಒಲೆ ಮೇಲೆ ಬೇರೆ ಮೀನು ಏರಕೂಡದು!"

ಮುದುಕ ಎಂದರೆ ಹಿರೇಕೊಡಿಗೆ ಕಡೆಯ ಒಂದು ಕೆರೆಯಲ್ಲಿದ್ದ ಹಳೇ ಕುಚ್ಚು ಮೀನು. ಹಾವಿನಂಥ ತಲೆ, ತೋಳಿನಷ್ಟು ದಪ್ಪ. ಮುಳ್ಳು ಸಿಕ್ಕಿದ್ದು ಅವರ ಗಂಟಲಿಗೆ, ಉಪವಾಸ ಬಿದ್ದದ್ದು ನಾನು! ಯಾವ ನ್ಯಾಯ ಇದು? ವಾರಕ್ಕೆರಡು ಸಲ ಮೀನು ಮಾರುವ ಸಾಬರು ಸೈಕಲ್ಲಿನಲ್ಲಿ ಪೋಂ ಪೋಂ ಎಂದು ಹಾರ್ನ್ ಒತ್ತುತ್ತಾ ಬರುತ್ತಿದ್ದರು. ಬುಟ್ಟಿಯಲ್ಲಿ ಘಟ್ಟ ಹತ್ತಿ ಬಂದ ಬಂಗುಡೆ. ನಮ್ಮ ಬಾಗಿಲಿಗೆ ಬಂದಾಗ ಮಾತ್ರ ಸೈಕಲ್ ನಿಲ್ಲಿಸದೆ ಕೇಳುವರು: "ಎಂತ ಸಾಹುಕಾರ್ರೇ, ನಿಮ್ಮ ಮುದುಕ ಇನ್ನೂ ಗಟ್ಟಿ ಉಂಟಾ?"

"ಗಟ್ಟಿ ಉಂಟು ಸಾಬ್ರೇ, ಸಮಯ ಬರ್ಲಿ," ಎನ್ನುವರು ಭಾವ. ಪಕ್ಕದ ಮನೆಯಿಂದ ಬಂಗುಡೆ ಹುರಿಯುವ ವಾಸನೆ ಬರುವುದು. ನಾನು ಬದನೆಕಾಯಿ ಪಲ್ಯ ಕಲಸಿಕೊಂಡು ಆ ವಾಸನೆ ಜೊತೆ ಉಣ್ಣುವೆ.

ಅವರ ವಿದ್ಯೆ ಹೇಗಿತ್ತು ಎಂದು ಹೇಳದಿದ್ದರೆ ನಿಮಗೆ ನನ್ನ ಸಂಕಟ ತಿಳಿಯದು. ಆ ಕೆರೆಯ ಮೇಲೆ ದಡದಿಂದ ದಡಕ್ಕೆ ಅಂತರಗಂಗೆ ಬೆಳೆದು ಹಸಿರು ಜಮಖಾನೆ ಹಾಸಿದ ಹಾಗೆ ಮುಚ್ಚಿತ್ತು. ನೀರೇ ಕಾಣದು. ದಡದ ಹತ್ತಿರ ಬಿದಿರಿನ ಅಟ್ಟಣೆ ಕಟ್ಟಿ, ಅದರ ಮುಂದೆ ಕತ್ತಿಯಿಂದ ಕಳೆ ಕೊಯ್ದು ಮೊರದಗಲ ಒಂದು ಕಿಂಡಿ ಮಾಡಿದ್ದರು. ಅಟ್ಟಣೆ ಮೇಲೆ ಬೋರಲು ಮಲಗಿ ತಲೆ ಮೇಲೆ ಕರೀ ಕಂಬಳಿ ಹೊದೆಯಬೇಕು. ಹೊರಗಿನ ಬೆಳಕು ನಿಂತ ಮೇಲೆ ಕಿಂಡಿಯ ನೀರು ಒಳಗಿನಿಂದ ದೀಪ ಹಚ್ಚಿದ ಹಾಗೆ ತಿಳಿಯಾಗುತ್ತದೆ, ತಳದ ಕೆಸರಿನ ಕಡ್ಡಿಯೂ ಕಾಣುತ್ತದೆ. ಇದು ಮಾತ್ರ ನಿಜ, ಸುಳ್ಳು ಹೇಳಬಾರದು. ಆಮೇಲೆ ಹಾಲುವಾಣದ ಮರದಲ್ಲಿ ಭಾವನೇ ಕೆತ್ತಿದ ಕಪ್ಪೆಯನ್ನು ದಾರದಲ್ಲಿ ಇಳಿಬಿಟ್ಟು ಕುಣಿಸಬೇಕು. ಮೀನು ಮೋಸಹೋಗಿ ಬರುತ್ತದೆ. ಬಂದ ಕೂಡಲೇ ಎಸೆಯುವವನು ದಡ್ಡ. ಮೂರು ಮೊನೆಯ ಈಟಿಯನ್ನು ಸದ್ದಿಲ್ಲದೆ ನೀರಿಗೆ ಇಳಿಸಿ, ಮೀನು ಅಡ್ಡಡ್ಡಲಾಗಿ ನಿಲ್ಲುವ ತನಕ ಕಾದು, ಕಂಡ ಜಾಗಕ್ಕಿಂತ ಒಂದಿಷ್ಟು ಕೆಳಗೆ, ತಲೆಯ ಹಿಂದೆ ಚುಚ್ಚಬೇಕು. ನೀರು ಕಣ್ಣಿಗೆ ಮೋಸ ಮಾಡುತ್ತದೆ, ಮೀನು ಕಂಡಲ್ಲಿ ಇರುವುದಿಲ್ಲ.

"ಚುಚ್ಚೋದು ದೊಡ್ಡ ವಿಷಯ ಅಲ್ಲ ಮಾರಾಯ. ಯಾವುದನ್ನ ಚುಚ್ಚಬಾರದು ಅಂತ ಗೊತ್ತಿರ್ಬೇಕು, ಅಲ್ಲಿ ಇರೋದು ವಿದ್ಯೆ!" ಎನ್ನುವರು.

ಆ ವಿದ್ಯೆಯಲ್ಲಿ ಅವರು ಪಾರಂಗತರು. ತಲೆ ನಮ್ಮ ಕಡೆ ಇದ್ದರೆ ಹೊಡೆಯಬಾರದು. ಬಾಲ ಆಡಿಸುತ್ತಿದ್ದರೆ ಹೊಡೆಯಬಾರದು. ಮೋಡ ಬಂದರೆ ಹೊಡೆಯಬಾರದು. ಮಳೆಗಾಲದಲ್ಲಂತೂ ಮಾತೇ ಇಲ್ಲ. ಕುಚ್ಚು ಮೀನು ಆಗ ಮರಿ ಮಾಡುತ್ತದೆ. ಕೆಂಪು ಮರಿಗಳು ಒತ್ತಾಗಿ ಮೇಲೆ ಬರುತ್ತವೆ, ಅಪ್ಪ ಅಮ್ಮ ಕೆಳಗೆ ಕಾವಲು. "ಆಗ ಹೊಡೆಯೋದು ಸಲೀಸು, ಓಡಿಹೋಗಲ್ಲ ಪಾಪ. ಆದ್ರೆ ಹೊಡೆದವ ಮನುಷ್ಯನಾ? ಮರಿ ಇದ್ರೆ ಈಟಿ ಎತ್ತಿಬಿಡ್ಬೇಕು. ನೆನಪಿಟ್ಕೋ, ಮರಿ ಮಳೆಗಾಲದಲ್ಲಿ ಮಾತ್ರ. ಬೇರೆ ಕಾಲದಲ್ಲಿ ಮರಿ ಕಂಡೆ ಅಂದವ ಒಂದೋ ಕುಡಿದಿರ್ತಾನೆ, ಇಲ್ಲಾ ಸುಳ್ಳು ಹೇಳ್ತಾನೆ."

ಈ ವಿವೇಚನೆ ಕೆರೆಯಲ್ಲೇ ಮುಗಿದಿದ್ದರೆ ಸಹಿಸಬಹುದಿತ್ತು. ಒಂದು ಸಲ ಅಂಗಡಿಯ ಅಕ್ಕಿ ಮೂಟೆಗೆ ಇಲಿ ಬಿತ್ತು. ಅಕ್ಕ ಅವರ ಕೈಗೆ ದೊಣ್ಣೆ ಕೊಟ್ಟು ನಿಲ್ಲಿಸಿದಳು. ಇಲಿ ಇವರ ಕಾಲ ಮೇಲೆಯೇ ಹಾದು, ಗೋಡೆಗುಂಟ ಸಾವಕಾಶ ನಡೆದು, ಬಾಗಿಲಲ್ಲಿ ತಿರುಗಿ ನೋಡಿ ಹೋಯಿತು. ಭಾವ ದೊಣ್ಣೆ ಎತ್ತಿದವರು ಎತ್ತಿದ ಹಾಗೇ ಇದ್ದರು.

"ಯಾಕ್ರೀ ಹೊಡೀಲಿಲ್ಲ?"

"ಬಸುರಿ ಇಲಿ ಕಣೇ!"

ಅಕ್ಕ ಹಣೆ ಚಚ್ಚಿಕೊಂಡಳು. ಮರುದಿನ ಅದು ಇನ್ನೊಂದು ಮೂಟೆಗೂ ತೂತು ಕೊರೆದಿತ್ತು.

ಇನ್ನು ಬಸ್ಸಿನ ಕತೆ ಕೇಳಿ. ಭಾವ ಬಸ್ಸಿನ ಬೋರ್ಡು ನೋಡುತ್ತಿರಲಿಲ್ಲ, ಅದು ಅವರ ಘನತೆಗೆ ಕಡಿಮೆ. "ಬೋರ್ಡು ಓದಿ ಬಸ್ ಹತ್ತೋರು ಹೊಸಬರು. ನಾನು ಎಂಜಿನ್ ಶಬ್ದದಲ್ಲೇ ಹೇಳ್ತೀನಿ ಯಾವ ಬಸ್ಸು ಅಂತ!" ಒಂದು ಭಾನುವಾರ ಶಬ್ದ ಕೇಳಿ ಹತ್ತಿಸಿದರು. ರೇಡಿಯೋ ಕೆಲಸದಿಂದ ದಣಿದಿದ್ದ ನಾನು ಕೂತಲ್ಲೇ ನಿದ್ದೆಹೋದೆ. ಕಣ್ಣು ಬಿಟ್ಟರೆ ಶೃಂಗೇರಿ! ದೇವರ ಮೀನುಗಳಿಗೆ ಜನ ಮಂಡಕ್ಕಿ ಹಾಕಿ ಕೈ ಮುಗಿಯುವ ಊರಿನಲ್ಲಿ ನಮ್ಮ ಭಾವ ಮೀನು ಚುಚ್ಚುವ ಈಟಿ ಹಿಡಿದು ನಿಂತಿದ್ದಾರೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಷ್ಟರಲ್ಲಿ ಯಾವುದೋ ಊರಿನ ಅಜ್ಜಿ ಭಾವನ ಹೆಗಲ ಮೇಲಿನ ಕರೀ ಕಂಬಳಿ, ಕೈಯಲ್ಲಿನ ಮೂರು ಮೊನೆ ನೋಡಿ ತ್ರಿಶೂಲ ಅಂದುಕೊಂಡಳೋ ಏನೋ, ಬಂದವಳೇ ಕಾಲಿಗೆ ಬಿದ್ದಳು. ಇವರಾದರೂ ಬೇಡ ಅನ್ನಬೇಕೋ ಬೇಡವೋ? ಗಂಭೀರವಾಗಿ ಕೈ ಎತ್ತಿ, "ಒಳ್ಳೇದಾಗ್ಲಿ ತಾಯಿ, ಮೊಮ್ಮಕ್ಕಳು ಚೆನ್ನಾಗಿರ್ಲಿ" ಎಂದು ಹರಸಿಯೇಬಿಟ್ಟರು! ಅಜ್ಜಿ ಕೊಟ್ಟ ಬಾಳೆಹಣ್ಣನ್ನು ವಾಪಸು ಬರುವ ಬಸ್ಸಿನಲ್ಲಿ ನಾವಿಬ್ಬರೂ ತಿಂದೆವು.

ಸರಿಯಾದ ಬಸ್ಸು ಸಿಕ್ಕ ದಿನಗಳೂ ನೆಟ್ಟಗಿರಲಿಲ್ಲ. ಇಳಿದ ಮೇಲೆ ಗದ್ದೆ ಅಂಚಿನ ಮೇಲೆ ನಡೆಯಬೇಕು. ನಾನು ಮುಂದೆ, ನನ್ನ ಹೆಗಲ ಮೇಲೆ ಕೈ ಇಟ್ಟು ಭಾವ ಹಿಂದೆ. "ನಿನ್ನ ಹೆಜ್ಜೆ ಸಪ್ಪಳ ಜಾಸ್ತಿ. ಹೀಗೆ ಹಿಡ್ಕೊಂಡ್ರೆ ನಂಗೆ ತಿದ್ದೋಕೆ ಸುಲಭ." ಕಂಬಳಿಯೊಳಗೆ ಮಲಗಿದ ಮೇಲೆ ಪರೀಕ್ಷೆ ಶುರು. "ಎಂತ ಕಾಣ್ತದೆ ಹೇಳು, ನಿನ್ನ ದೃಷ್ಟಿ ನೋಡುವಾ." ಎಡಗಡೆ ಒಂದು ಮೀನು, ಭಾವ, ಎನ್ನುವೆ. "ಎಷ್ಟುದ್ದ?" ಮೊಳದುದ್ದ. "ತಲೆ ಯಾವ ಕಡೆ?" ನಮ್ಮ ಕಡೆ. "ಹಾಂ! ಅದಕ್ಕೇ ನಾನು ಹೊಡೀಲಿಲ್ಲ. ಪರವಾಗಿಲ್ಲ, ಕಲೀತಿದೀಯ." ಮೇಷ್ಟರು ಹುಡುಗರ ಬೆನ್ನು ತಟ್ಟುವ ಹಾಗೆ ತಟ್ಟುವರು. ಕಂಬಳಿಯ ಧೂಳಿಗೆ ನನಗೆ ಸೀನು ಬರುವುದು. ಸೀನಿದರೆ ಮುಗಿಯಿತು, ಆ ದಿನ ಮೀನು ಸಿಗದ್ದಕ್ಕೆ ಇನ್ನು ಬೇರೆ ಕಾರಣ ಹುಡುಕಬೇಕಿಲ್ಲ!

"ಅಕ್ಕಾ, ನಿನ್ನ ಗಂಡ ಜನ್ಮದಲ್ಲಿ ಒಂದಾದರೂ ಮೀನು ಹೊಡೆದಿದಾರಾ?" ಎಂದು ನಾನು ಒಂದು ದಿನ ರೇಗಿ ಕೇಳಿದೆ.

"ಮದುವೆಯಾದ ಹೊಸದರಲ್ಲಿ ವಾರವಾರ ತರ್ತಿದ್ರು. ಈಟಿ ಇಳಿಸಿದ್ದು ತಪ್ಪಿದ್ದೇ ಇಲ್ಲ," ಎಂದಳು. ನಾನು ನಂಬಲಿಲ್ಲ. ಗಂಡನ ಮರ್ಯಾದೆ ಕಾಯುವವಳು ಇನ್ನೇನು ಹೇಳುತ್ತಾಳೆ? ಕೊಪ್ಪಕ್ಕೆ ಕಣ್ಣಿನ ಶಿಬಿರ ಬರುತ್ತದಂತೆ ಎಂದು ಅವಳು ಆ ಚಳಿಗಾಲದಲ್ಲಿ ಅವರ ಮುಂದೆ ಮೂರು ನಾಲ್ಕು ಸಲ ಅಂದಳು. "ನಂಗ್ಯಾಕೆ ಶಿಬಿರ? ಕೆರೆ ತಳದ ಏಡಿ ಮೀಸೆ ಕಾಣ್ತದೆ ನಂಗೆ!" ಎಂದು ಗುಡುಗಿದರು. ಸರಿ, ಇದ್ದರೂ ಇರಬಹುದು ಅಂದುಕೊಂಡೆ. ಅಷ್ಟು ಜೋರಾಗಿ ಹೇಳಿದರೆ ಯಾರು ತಾನೇ ನಂಬುವುದಿಲ್ಲ?

ಸಂಕ್ರಾಂತಿ ಕಳೆದ ಮೇಲಿನ ಒಂದು ಭಾನುವಾರ. ಚಳಿಗೆ ಹಲ್ಲು ಕಟಕಟ. ನೀರು ಮಾತ್ರ ಗಾಜಿನ ಹಾಗೆ ತಿಳಿ. ಕಂಬಳಿಯೊಳಗೆ ಸುಮಾರು ಹೊತ್ತು ಬಿದ್ದುಕೊಂಡಿದ್ದೆವು. ಆಗ ಅಂತರಗಂಗೆಯ ಬೇರಿನ ಕೆಳಗಿನಿಂದ ಒಂದು ಕಪ್ಪು ನೆರಳು ಮೆಲ್ಲಗೆ ಹೊರಬಂತು. ಮುದುಕ! ಅಯ್ಯೋ ದೇವರೇ, ಏನು ಗಾತ್ರ! ಬಂದು ಕಪ್ಪೆಯ ಪಕ್ಕದಲ್ಲೇ ನಿಂತಿತು. ಅಡ್ಡಡ್ಡಲಾಗಿ, ಬಾಲ ಆಡಿಸದೆ, ತಲೆ ಆಚೆ ಕಡೆ. ಭಾವ ಹೇಳಿದ ಶಾಸ್ತ್ರವನ್ನೆಲ್ಲ ಓದಿಕೊಂಡು ಬಂದ ಹಾಗೆ ನಿಂತಿತು. ನನ್ನ ಬಾಯಲ್ಲಿ ನೀರು ಬಂತು. ಇವತ್ತು ಯಾವ ಕಾರಣ ಕೊಡುತ್ತಾರೆ ನೋಡಿಯೇಬಿಡೋಣ ಎಂದು ಬೇಕಂತಲೇ ಸುಮ್ಮನಿದ್ದೆ.

ಭಾವ ದಾರ ಎಳೆದು ಕಪ್ಪೆ ಕುಣಿಸುತ್ತಲೇ ಇದ್ದರು. ಕಪ್ಪೆಯ ಕಾಲು ಮುದುಕನ ಮೂತಿಗೆ ತಾಗಿತು. ಭಾವ ನಿಟ್ಟುಸಿರು ಬಿಟ್ಟರು.

"ಇವತ್ತು ಒಂದೂ ಇಲ್ಲ ಮಾರಾಯ. ಬರೀ ನೀರು."

ನಾನು ತಿರುಗಿ ಅವರ ಮುಖ ನೋಡಿದೆ. ಕಿಂಡಿಯ ಬೆಳಕು ಕೆಳಗಿನಿಂದ ಅವರ ಮುಖಕ್ಕೆ ಬೀಳುತ್ತಿತ್ತು. ಎರಡೂ ಕಣ್ಣುಪಾಪೆಯ ಮೇಲೆ ಎಳನೀರಿನ ಗಂಜಿಯ ಹಾಗೆ ಬಿಳೀ ಪೊರೆ. ಅವರು ನೋಡುತ್ತಿದ್ದದ್ದು ಮೀನಿನ ಕಡೆಯಲ್ಲ, ಏನೂ ಇಲ್ಲದ ಒಂದು ಮೂಲೆಯ ಕಡೆ. ಬಸ್ಸಿನ ಶಬ್ದ, ನನ್ನ ಹೆಗಲು, ತಲೆ ಯಾವ ಕಡೆ ಎಂಬ ಪರೀಕ್ಷೆ, ಭಾನುವಾರದ ಬೆಳಗ್ಗೆ ಅಕ್ಕ ಹೊದಿಕೆ ಎಳೆಯುತ್ತಿದ್ದದ್ದು, ಎಲ್ಲ ಒಟ್ಟಿಗೇ ನೆನಪಿಗೆ ನುಗ್ಗಿ ಬಂತು.

"ಭಾವ," ಎಂದೆ ಪಿಸುಮಾತಿನಲ್ಲಿ, "ಮುದುಕ ಬಂದಿದಾನೆ."

ಈಟಿ ನೀರಿಗಿಳಿಯಿತು, ಸದ್ದಿಲ್ಲದೆ, ಒಂದು ಅಲೆಯೂ ಏಳಲಿಲ್ಲ. ಅಕ್ಕ ಸುಳ್ಳು ಹೇಳಿರಲಿಲ್ಲ, ಆ ಕೈ ಅಂಥ ಕೈ. ಆದರೆ ಮೊನೆ ಬಲಕ್ಕೆ ಹೋಯಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಗಿ ನಿಂತಿತು.

"ಎಲ್ಲಿ?" ಎಂದರು ಭಾವ. ಅಷ್ಟು ಸಣ್ಣ ದನಿ ಅವರ ಬಾಯಿಂದ ನಾನು ಕೇಳಿರಲಿಲ್ಲ.

ಹೇಳಬಹುದಿತ್ತು. ಹೇಳಿ, ಅವರು ಚುಚ್ಚಿ, ಈಟಿ ಕೆಸರಿಗೆ ಹೋಗಿ, ಮುದುಕ ಮಾಯವಾಗಿ, ಆಮೇಲೆ ಅವರು ನನ್ನ ಪಕ್ಕದಲ್ಲಿ ಆ ಕಂಬಳಿಯೊಳಗೆ ಹೇಗಿರುತ್ತಿದ್ದರು? ನನಗೆ ಅದನ್ನು ನೋಡುವ ಧೈರ್ಯವಾಗಲಿಲ್ಲ.

"ಹೊಡೀಬೇಡಿ ಭಾವ! ಮರಿ ಇದಾವೆ."

ಈಟಿ ಮೆಲ್ಲಗೆ ಮೇಲೆ ಬಂತು. ಅವರ ಮೈಯೆಲ್ಲ ಸಡಿಲವಾದದ್ದು ನನ್ನ ತೋಳಿಗೆ ಗೊತ್ತಾಯಿತು. ಮುದುಕ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದು, ಮರದ ಕಪ್ಪೆಗೆ ಬೇಸತ್ತು, ಬೇರಿನ ಕೆಳಗೆ ಹೊರಟುಹೋಯಿತು.

ಭಾವ ಕಂಬಳಿ ಸರಿಸಿ ಎದ್ದು ಕೂತರು. ಚಳಿಗಾಲದ ಬಿಸಿಲು. ನಾನು ಎಡವಟ್ಟು ಮಾಡಿದ್ದು ಆಗ ನನಗೆ ಹೊಳೆಯಿತು.

"ಕುಡಿದಿದೀಯ ಮಾರಾಯ?" ಎಂದರು.

"ಇಲ್ಲ ಭಾವ."

"ಹ್ಞೂಂ," ಎಂದರು. ಯಾರಿಗೂ ಮುಟ್ಟಲು ಬಿಡದ ಈಟಿಯನ್ನು ನನ್ನ ಕೈಗೆ ಕೊಟ್ಟು, ಹೆಗಲು ಹಿಡಿದುಕೊಂಡರು. ಅವತ್ತು ನನ್ನ ಹೆಜ್ಜೆಯ ಸಪ್ಪಳ ತಿದ್ದಲಿಲ್ಲ.

ಮನೆಗೆ ಬಂದಾಗ ಸಾಬರ ಸೈಕಲ್ಲು ಬಾಗಿಲ ಮುಂದೆ ಹಾದುಹೋಗುತ್ತಿತ್ತು. ಭಾವ ಜಗಲಿಯಿಂದ ಕೂಗಿದರು: "ಸಾಬ್ರೇ, ನಿಲ್ಲಿ! ಬಂಗುಡೆ ಕೊಡಿ." ಸಾಬರು ಬ್ರೇಕು ಹಾಕಿದ ರಭಸಕ್ಕೆ ಬುಟ್ಟಿಯೇ ಉರುಳುವುದರಲ್ಲಿತ್ತು. ನಾನು ಓಡಿಹೋಗಿ ಒಳ್ಳೆಯದನ್ನೇ ಆರಿಸಿ ತಂದೆ. ಅಕ್ಕ ಸೌಟು ಹಿಡಿದು ಹೊರಗೆ ಬಂದಳು. "ಆ ಕಣ್ಣಿನ ಶಿಬಿರ ಯಾವತ್ತು ಅಂದೆ?" ಎಂದು ಭಾವ ಅವಳ ಮುಖ ನೋಡದೆ ಕೇಳಿದರು. ಅಕ್ಕ ನನ್ನನ್ನು ನೋಡಿದಳು. ನಾನು ಕಾಲು ತೊಳೆಯಲು ಹಿತ್ತಲಿಗೆ ಓಡಿದೆ.

ಮಧ್ಯಾಹ್ನ ಎಷ್ಟೋ ಕಾಲದ ಮೇಲೆ ಆ ಮನೆಯಲ್ಲಿ ಮೀನು ಸಾರಿನ ಘಮ. ಅಕ್ಕ ಭಾವನ ಪಕ್ಕದಲ್ಲೇ ಕೂತು, ಬಂಗುಡೆಯ ಮುಳ್ಳು ಒಂದೊಂದೇ ಬಿಡಿಸಿ, ಬೆರಳಲ್ಲಿ ಒತ್ತಿ ನೋಡಿ, ಬರೀ ತಿರುಳನ್ನು ಅವರ ತಟ್ಟೆಯಂಚಿಗೆ ಇಡುತ್ತಿದ್ದಳು. ನೆಂಟರ ಮನೆಯ ಪಂಕ್ತಿಯಲ್ಲಿ ಹೀಗೆ ಕೂರಲು ಅವಳಿಗೆ ಜಾಗವಿರಲಿಲ್ಲ, ಹೆಂಗಸರ ಸಾಲು ಬೇರೆ. ಭಾವ ಕಣ್ಣು ಮುಚ್ಚಿ ಚಪ್ಪರಿಸಿದರು.

"ನೋಡಿದ್ಯ ಮಾರಾಯ, ಮುಳ್ಳೇ ಇಲ್ಲದ ಬಂಗುಡೆ! ಬುಟ್ಟಿಯಲ್ಲಿ ಆರಿಸೋಕೂ ಒಂದು ವಿವೇಚನೆ ಬೇಕು."

ಆರಿಸಿ ತಂದವನು ನಾನು! ಬಾಯಿ ತುದಿಗೆ ಬಂದಿತ್ತು. ಅಕ್ಕನ ಬೆರಳುಗಳನ್ನು ನೋಡಿದೆ.

"ಹೌದು ಭಾವ," ಎಂದೆ.