ಕೆರೆಯ ದೂರಿಗೆ ಹೊದಿಸಿದ ಶಾಲು

ದೂರು ಹೇಳುವುದಕ್ಕೂ ಒಂದು ಮೈಕಟ್ಟು ಬೇಕು. ನನಗೆ ಅದಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆ ಮೆಷಿನ್ನಿನ ಮುಂದೆ ಕುಳಿತವನು ನಾನು. ವಸಂತಪುರದ ನನ್ನ ಅಂಗಡಿಗೆ ಬರುವವರೆಲ್ಲ ದೂರು ಹೊತ್ತೇ ಬರುತ್ತಾರೆ. ಕಂಕುಳು ಬಿಗಿ, ಕಾಲರ್ ಸಡಿಲ, ಬ್ಲೌಸ್ ಕೊಡುವಷ್ಟರಲ್ಲಿ ಮದುವೆಯೇ ಮುಗಿಯಿತು. ಇದನ್ನೇ ಕೇಳಿ ಕೇಳಿ ಕೂದಲು ನರೆತ ಮೇಲೆ, ಬಾಯಿ ತೆರೆದರೆ ಬರುವುದು 'ಆಯ್ತು ಸಾರ್, ಸರಿ ಮಾಡ್ಕೊಡ್ತೀನಿ' ಎಂಬ ಒಂದೇ ಮಾತು. ಹೋಟೆಲಿನಲ್ಲಿ ಹಳಸಿದ ಸಾಂಬಾರು ಬಡಿಸಿ 'ಹೆಂಗಿದೆ ಅಣ್ಣ' ಎಂದರೂ, ಸಂಕೋಚಕ್ಕೆ ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತೇನೆ. ಇಂಥವನನ್ನು ನನ್ನ ಅಕ್ಕ ನಂಬಿದಳು. ಅವಳದೂ ಸ್ವಲ್ಪ ತಪ್ಪಿದೆ ಎಂದು ಸಮಾಧಾನ ಮಾಡಿಕೊಳ್ಳಲು ನೋಡುತ್ತಿದ್ದೇನೆ, ಆಗುತ್ತಿಲ್ಲ.

ಅಕ್ಕನ ಮನೆ ಇರುವುದು ಕೆರೆಯ ಕೆಳಗಿನ ಬೀದಿಯಲ್ಲಿ. ಕೆರೆ ಎನ್ನುವುದು ನಮ್ಮ ಬಾಯಿಯ ಅಭ್ಯಾಸ ಅಷ್ಟೆ. ಮೇಲಿನ ಬಡಾವಣೆಗಳ ಚರಂಡಿ ನೀರು ಬಂದು ದಣಿವಾರಿಸಿಕೊಳ್ಳುವ ಜಾಗ ಅದು. ದೂರದಿಂದ ಕ್ರಿಕೆಟ್ ಮೈದಾನದಂತೆ ಹಸಿರಾಗಿ ಕಾಣುತ್ತದೆ. ಹತ್ತಿರ ಹೋದರೆ ಮೂಗು ನಿಜ ಹೇಳುತ್ತದೆ. ತುಂಬಿದ ನೀರು ಹರಿದುಹೋಗಬೇಕಾದ ಕೋಡಿ ಕಾಲುವೆ ಹೂಳು ತುಂಬಿ ಮುಚ್ಚಿಹೋಗಿದೆ. ಹೋದ ಮಳೆಗಾಲದಲ್ಲಿ ಆ ನೀರು ಅಕ್ಕನ ನಡುಮನೆಗೇ ಬಂತು. ಭಾವ ಲಕ್ವ ಹೊಡೆದು ಮಲಗಿದವರು. ಅವರ ಮಂಚಕ್ಕೆ ಇಟ್ಟಿಗೆ ಕೊಟ್ಟು ಎತ್ತರಿಸಬೇಕಾಯಿತು. ಮುಂದಿನ ಮಳೆಯೊಳಗೆ ಆ ಕಾಲುವೆಯ ಹೂಳು ತೆಗೆಸಬೇಕು, ಅಕ್ಕನಿಗೆ ಬೇಕಾದದ್ದು ಇಷ್ಟೇ. ಕಚೇರಿ ಕಚೇರಿ ಅಲೆದು ಸುಸ್ತಾಗಿ ಕೊನೆಗೆ ನನ್ನ ಬಳಿ ಬಂದು ಅತ್ತಳು. ಶಾಸಕರ ಪಿ.ಎ. ನನ್ನ ಗಿರಾಕಿ ಎಂಬುದು ಅವಳಿಗೆ ಗೊತ್ತಿತ್ತು.

ಪಿ.ಎ.ಗೆ ಫೋನ್ ಮಾಡಿದೆ. "ಭಾನುವಾರ ಬೆಳಗ್ಗೆ ಸಾಹೇಬ್ರ ಮನೆ ಹತ್ರ ಬನ್ನಿ ಮುನ್ರಾಜಣ್ಣ. ಆದ್ರೆ ಬರಿಗೈಲಿ ಬಂದ್ರೆ ಲಾಸ್ಟಲ್ಲಿ ನಿಲ್ಬೇಕಾಗತ್ತೆ. ಒಂದು ಶಾಲು, ಒಂದು ಹಾರ ತಂದ್ಬಿಡಿ. ಸನ್ಮಾನದವ್ರನ್ನ ಮೊದ್ಲು ಬಿಡ್ತೀವಿ" ಎಂದ.

ಅಕ್ಕನಿಗೆ ಹೇಳಿದರೆ ಉರಿದುಬಿದ್ದಳು. "ಏನು ಮಾಡಿದಾರೆ ಅಂತ ಸನ್ಮಾನ?"

"ಮಾಡ್ಲಿ ಅಂತ ಕಣಕ್ಕ."

ಈ ಉತ್ತರ ನನಗೇ ಬಹಳ ಹಿಡಿಸಿತ್ತು. ನನ್ನ ಬುದ್ಧಿವಂತಿಕೆ ಆ ವರ್ಷಕ್ಕೆ ಅಲ್ಲಿಗೆ ಮುಗಿಯಿತು ಎನ್ನಬೇಕು.

ಭಾನುವಾರ ನಾನು ಶಾಲು, ಸುಗಂಧರಾಜದ ಹಾರ ಹಿಡಿದು ಹೊರಟೆ. ಅಕ್ಕ ಬಾಟಲಿಯಲ್ಲಿ ಕೆರೆಯ ನೀರು ತುಂಬಿಕೊಂಡು ಬಂದಳು. ಬಾಗಿಲಲ್ಲೇ ಪಿ.ಎ. ತಡೆದ. "ಆಂಟಿ, ಬಾಟ್ಲಿ ಆಮೇಲೆ ತೋರಿಸೋಣ. ಫೋಟೋದಲ್ಲಿ ಚೆನ್ನಾಗಿರಲ್ಲ." ಅಕ್ಕ ಅದನ್ನು ಸೆರಗಿನ ಮರೆಗೆ ಸರಿಸಿದಳು. ಶಾಸಕರು "ಇದೆಲ್ಲ ಯಾಕಣ್ಣ" ಎನ್ನುತ್ತಲೇ ತಲೆ ಬಗ್ಗಿಸಿದರು. ಹಾರ ಹಾಕಿದೆ, ಶಾಲು ಹೊದಿಸಿದೆ. ಅವರ ಜುಬ್ಬದ ಭುಜದ ಹೊಲಿಗೆ ಜಾರಿರುವುದು ಕಣ್ಣಿಗೆ ಬಿತ್ತು, ನಾನಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಎಂದುಕೊಂಡೆ. ಬಂದ ಕೆಲಸ ಅಷ್ಟರಲ್ಲೇ ಅರ್ಧ ಮರೆತುಹೋಗಿತ್ತು. ಅವರು ನನ್ನ ಹೆಗಲ ಮೇಲೆ ಕೈಯಿಟ್ಟು, ಸ್ವಂತ ಅಣ್ಣನನ್ನು ಕೇಳುವ ಹಾಗೆ ಕೇಳಿದರು: "ಕೆರೆ ಕಡೆಯವ್ರಲ್ವಾ? ಈಗ ಪರವಾಗಿಲ್ವಾ?"

ಅಕ್ಕ ಹಿಂದಿನಿಂದ ತಿವಿದಳು. ನನ್ನ ಬಾಯಿ ತಾನಾಗಿ ತೆರೆಯಿತು. "ಪರವಾಗಿಲ್ಲ ಸಾರ್, ನಿಮ್ಮ ದಯೆ."

"ಸಾರ್, ಕಾಲ್ವೆ..." ಎಂದು ಅಕ್ಕ ಬಾಯಿ ತೆರೆದಳು. ಅದೇ ಕ್ಷಣಕ್ಕೆ ಫೋಟೋ ಕ್ಲಿಕ್ಕಾಯಿತು. "ನೆಕ್ಸ್ಟ್ ಯಾರು?" ಎಂದ ಪಿ.ಎ.

ರಸ್ತೆಗೆ ಬಂದ ಮೇಲೆ ಅಕ್ಕ ನಿಂತಳು. "ಪರವಾಗಿಲ್ವೇನೋ? ಬಾ, ನಿಮ್ಮ ಭಾವನ್ನ ಕೇಳು, ಪರವಾಗಿಲ್ವಾ ಅಂತ."

"ಅವ್ರು ಅಷ್ಟು ಪ್ರೀತಿಯಿಂದ ಕೇಳಿದ್ರಲ್ಲಕ್ಕ..."

"ನಾನು ಅಳ್ತಾ ಕೇಳಿದ್ನಲ್ಲೋ."

ಅವಳು ಮನೆಗೆ ಹೋಗುವಾಗ ಬಾಟಲಿಯ ನೀರನ್ನು ಮತ್ತೆ ಕೆರೆಗೇ ಸುರಿದಳು.

ಆ ವಾರದಲ್ಲೇ ಕೆರೆಯ ಬೇಲಿಗೆ ದೊಡ್ಡ ಫ್ಲೆಕ್ಸ್ ಬಂತು. 'ಕೆರೆಯ ಅಭಿವೃದ್ಧಿಯ ಹರಿಕಾರರಿಗೆ ನಾಗರಿಕರ ಅಭಿನಂದನೆ.' ನಡುವೆ ಶಾಸಕರು, ಪಕ್ಕದಲ್ಲಿ ಹಲ್ಲು ಕಿರಿದ ನಾನು. 'ಕಾಲ್ವೆ' ಎನ್ನಲು ತೆರೆದ ಅಕ್ಕನ ಬಾಯಿ ಅದರಲ್ಲಿ ಜೈಕಾರ ಕೂಗುತ್ತಿರುವಂತೆ ಕಾಣುತ್ತದೆ. ಪಿ.ಎ.ಗೆ ಮತ್ತೆ ಮತ್ತೆ ಫೋನ್ ಮಾಡಿದೆ. "ಥ್ಯಾಂಕ್ಸ್ ಫ್ಲೆಕ್ಸ್ ಹಾಕಿದ ಜಾಗಕ್ಕೆ ಮತ್ತೆ ಹೆಂಗೆ ಕಂಪ್ಲೇಂಟ್ ತಗೊಳ್ಳೋದು ಗುರು?" ಎಂದ. ಅವನ ಮಾತೂ ನ್ಯಾಯವಾಗಿಯೇ ಕಂಡಿತು. ನನ್ನ ರೋಗವೇ ಇದು.

ಮೊದಲ ಗಾಳಿಗೆ ಫ್ಲೆಕ್ಸ್ ಹರಿದು ಬಿತ್ತು. ಅಕ್ಕ ಎತ್ತಿಕೊಂಡು ಹೋಗಿ ಭಾವನ ಕೋಣೆಯ ಕಿಟಕಿಗೆ ಕಟ್ಟಿದಳು, ನಮ್ಮ ಮುಖಗಳು ಕೆರೆಯ ಕಡೆಗೆ. ನಾನು ಅಪರಾಧಿಯಂತೆ ಹೋಗಿ ನಿಂತೆ.

"ಇರ್ಲಿ ಬಿಡೋ" ಎಂದಳು, ಬೈಯಲೂ ತ್ರಾಣವಿಲ್ಲದವಳಂತೆ. "ಸೊಳ್ಳೆ ಕಮ್ಮಿಯಾಗಿದೆ. ಎರಚಲೂ ಹೊಡೆಯಲ್ಲ. ಅಂಚು ಮಾತ್ರ ಹರಿದೋಗಿದೆ, ಹೊಲ್ಕೊಡು."

ಅಂಗಡಿಗೆ ತಂದು ಅಂಚು ಮಡಿಚಿ, ಎರಡೆರಡು ಸಲ ಮೆಷಿನ್ ಹೊಡೆದು, ಕಟ್ಟಲು ಲಾಡಿಯನ್ನೂ ಇಟ್ಟುಕೊಟ್ಟೆ. ಕಾಲುವೆ ಹಾಗೇ ಇದೆ, ಮೋಡ ಕಟ್ಟುತ್ತಿದೆ. ಕೆರೆಯ ವಿಷಯದಲ್ಲಿ ನನ್ನಿಂದ ಆದ ಕೆಲಸ ಇದೊಂದೇ. ಅದನ್ನು ಮಾಡುವಾಗಲೂ, ಸೂಜಿ ನನ್ನ ಮುಖದ ಮೇಲೆ ಹೋಗದ ಹಾಗೆ ಬಹಳ ಜೋಪಾನವಾಗಿ ತಿರುಗಿಸಿಕೊಂಡೆ.