ಚಿಕ್ಕಮ್ಮನ ಭುಜ ಮತ್ತು ಮಡಿಯ ಗಳ

ಭುಜ ಹಿಡಿದುಕೊಂಡದ್ದು ನಮ್ಮ ಚಿಕ್ಕಮ್ಮನಿಗೆ. ಸೊಂಟ ಹಿಡಿದುಕೊಂಡದ್ದು ಮನೆಯವರಿಗೆಲ್ಲ! ಉತ್ಪ್ರೇಕ್ಷೆ ಎನ್ನುವವರು ತ್ರಿಪ್ಲಿಕೇನಿನ ಆ ಮನೆಗೆ ಬಂದು, ಹಜಾರದಿಂದ ಅಡುಗೆಮನೆಗೆ ಒಮ್ಮೆ ಹೋಗಿ ಬರಬೇಕಿತ್ತು.

ಕೆಲಸಕ್ಕೆಂದು ಮೈಸೂರಿನಿಂದ ಬಂದು ಅವರಲ್ಲೇ ಉಳಿದಿರುವ ನಾನು ಎಲ್ಲವನ್ನೂ ಕಣ್ಣಾರೆ ಕಂಡವನು. ಚಿಕ್ಕಮ್ಮನದು ಕಟ್ಟುನಿಟ್ಟಿನ ಮಡಿ. ಒಗೆದ ಸೀರೆ ಯಾರಿಗೂ ತಗುಲದಂತೆ ಒಣಗಲು ಹಜಾರದ ಸೂರಿನಿಂದ ಎರಡು ಹಗ್ಗಗಳಲ್ಲಿ ಬಿದಿರಿನ ಗಳವೊಂದು ತೂಗುತ್ತದೆ. ಒದ್ದೆ ಸೀರೆಯನ್ನು ಕೋಲಿನಿಂದ ಎತ್ತಿ ಅದರ ಮೇಲೆ ಹರಡುವುದು ಅವರ ನಿತ್ಯದ ಕೆಲಸ. ಒಂದು ಬೆಳಿಗ್ಗೆ ಕೋಲು ಎತ್ತಿದವರು ಕೂಗಿದ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಕೋಲು ಬಿತ್ತು. ಆ ಕೈ ಮತ್ತೆ ಮೇಲೇಳಲಿಲ್ಲ.

ಮೂಳೆಗೇನೂ ಆಗಿಲ್ಲ, ಆಡಿಸದೆ ಇಟ್ಟರೆ ಕೀಲು ಪೂರ್ತಿ ಬಿಗಿದುಕೊಳ್ಳುತ್ತದೆ ಎಂದರು ಡಾಕ್ಟರು. ಆಡಿಸಿದರೆ ಮತ್ತೆ ಆ ನೋವು ಬರುತ್ತದೆ ಎಂದರು ಚಿಕ್ಕಮ್ಮ. ಗೆದ್ದವರು ಯಾರೆಂದು ಬೇರೆ ಹೇಳಬೇಕೆ? ಕೈ ಮೇಲೇರದಿದ್ದರೆ ಗಳವೇ ಕೆಳಗಿಳಿಯಲಿ ಎಂದು ಅಪ್ಪಣೆಯಾಯಿತು. ಸೊಂಟದ ಮಟ್ಟಕ್ಕೆ ಇಳಿದ ಗಳ ಹಜಾರವನ್ನು ಅಡ್ಡಕ್ಕೆ ಎರಡು ಮಾಡಿತು. ಸೀರೆಗೆ ಯಾರಾದರೂ ತಗುಲಿದರೆ ಚಿಕ್ಕಮ್ಮ ಎಡಗೈಯಲ್ಲೇ ಅದನ್ನು ಮತ್ತೆ ಒಗೆಯುವರು. ಹಾಗಾಗಿ ನಾವು ಕಾಫಿಗೂ ಅಂಬೆಗಾಲಿಟ್ಟೇ ಹೋದೆವು. ಕೂತಲ್ಲಿ ಕೂರಲು ಯಾರಿಗೂ ನೆಮ್ಮದಿಯಿರಲಿಲ್ಲ.

ಒಮ್ಮೆ ಚಿಕ್ಕಪ್ಪನ ಹಳೆಯ ಆಫೀಸಿನ ಗೆಳೆಯರೊಬ್ಬರು ಮಾಧವರಂನಿಂದ ಬಂದರು. ಬರಮಾಡಿಕೊಳ್ಳಲು ಚಿಕ್ಕಪ್ಪ ನೆಲದ ಮೇಲೆ ತೆವಳಿಕೊಂಡು ಬಂದರು. ಇಷ್ಟೊಂದು ಮರ್ಯಾದೆಗೆ ಗಾಬರಿಗೊಂಡ ಆ ಮನುಷ್ಯ ಧಾವಿಸಿ ಬಂದು ಅವರ ರಟ್ಟೆ ಹಿಡಿದು ಎಬ್ಬಿಸಿದರು. ಎಬ್ಬಿಸಿದ್ದು ಸರಿಯಾಗಿ ಗಳದ ಕೆಳಗೆ! ಆ ದಿನ ಸೀರೆಗೆ ಎರಡನೇ ಸ್ನಾನ.

ಕೊನೆಗೆ ಎಗ್ಮೋರಿನ ಒಬ್ಬ ಚಿಕಿತ್ಸಕಿಯ ಬಳಿಗೆ ಕರೆದೊಯ್ದೆವು. ನೋವು ಬೇರೆ, ನೋವಿನ ಭಯ ಬೇರೆ ಎಂದು ಆಕೆ ತಿಳಿಹೇಳಿದರು. ಕೈಯನ್ನು ಆದಷ್ಟೇ ಎತ್ತಿ, ಉಸಿರಿನ ಮೇಲೆ ಗಮನವಿಡಿ, ನೋವನ್ನು ಓಡಿಸಲು ಹೋಗದೆ ಇದ್ದಂತೆ ನೋಡಿ ಎಂದರು. ಮನೆಗೆ ಬಂದ ಚಿಕ್ಕಮ್ಮ ನೋಡಿದ್ದನ್ನೆಲ್ಲ ಗಟ್ಟಿಯಾಗಿ ಬಿತ್ತರಿಸತೊಡಗಿದರು! ಈಗ ಸಾಸಿವೆ ಸಿಡಿದ ಹಾಗಿದೆಯಂತೆ, ಈಗ ಯಾರೋ ಬಟ್ಟೆ ಹಿಂಡಿದ ಹಾಗಂತೆ. ಚಿಕ್ಕಪ್ಪ ನಡುವೆ ಕಾಫಿ ಕೇಳಿದರು.

"ಚುಮ್ಮಾ ಇರೀಂದ್ರೆ. ನೋವು ಈಗ ತಾನೇ ಬಂದು ಕೂತಿದೆ, ಮೊದಲು ಅದನ್ನ ವಿಚಾರಿಸ್ಕೋತೀನಿ."

ಅದಕ್ಕಾದರೂ ಕಾಫಿ ಸಿಗುತ್ತದೆಯೇನೋ ಎಂದು ಚಿಕ್ಕಪ್ಪ ಗೊಣಗಿದರು.

ಆದರೂ ಗಳದ ಎತ್ತರ ದಾಟಿ ಕೈ ಮೇಲೇರಲಿಲ್ಲ. ಅಷ್ಟರಲ್ಲೇ ಕೆಲಸ ಆಗುತ್ತಿರುವಾಗ ಏಕೆ ಏರಬೇಕು? ಒಂದು ನಸುಕಿನಲ್ಲಿ, ಹಜಾರದಲ್ಲಿ ಮಲಗಿದ್ದ ನನಗೆ ಕಿರ್ರೆಂಬ ಸದ್ದಿಗೆ ಎಚ್ಚರವಾಯಿತು. ಚಿಕ್ಕಪ್ಪ ಮರದ ಸ್ಟೂಲಿನ ಮೇಲೆ ನಿಂತು ಗಳದ ಹಗ್ಗವನ್ನು ಬೆರಳಗಲದಷ್ಟು ಗಿಡ್ಡ ಮಾಡಿ ಗಂಟು ಹಾಕುತ್ತಿದ್ದರು. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ಮರುದಿನವೂ ಅದೇ ಸದ್ದು. ಅದರ ಮರುದಿನವೂ.

ನಾವು ತೆವಳುವುದು ಹೋಗಿ ಬಗ್ಗುವುದಾಯಿತು. ಬಗ್ಗುವುದು ಹೋಗಿ ಬರಿಯ ತಲೆ ತಗ್ಗಿಸುವುದಾಯಿತು. ಹೋದ ವಾರ ಚಿಕ್ಕಮ್ಮನ ಕೈ ಕಿವಿಯನ್ನು ದಾಟಿತು. ನಡುಗುತ್ತ, ನಡುವೆ ನಿಂತು, ಮತ್ತೆ ಏರಿ ಗಳವನ್ನು ಮುಟ್ಟಿತು. ಹಿಂದೆ ನಿಂತಿದ್ದ ನಾನು ಹೆದರಿ ಆಸರೆಗೆ ಕೈ ಚಾಚಿದೆ.

"ಮುಟ್ಟಬೇಡ, ಮಡಿ" ಎಂದರು. ಸೀರೆ ಹರಡಿ ಆದಮೇಲೆ ಮೆಲ್ಲಗೆ ಕೇಳಿದರು: "ಗಳ ಮೇಲೆ ಹೋಗ್ತಿರೋದು ನಂಗೆ ಗೊತ್ತಿಲ್ಲ ಅಂದ್ಕೊಂಡ್ಯೇನೋ? ಉಸಿರನ್ನೇ ಗಮನಿಸೋಳಿಗೆ ಗಳ ಕಾಣಲ್ವಾ?"

"ನೋವು ಹೋಯ್ತಾ ಚಿಕ್ಕಮ್ಮ?"

"ಇದೆ. ಇರ್ಲಿ. ಆದ್ರೆ ಆ ಸ್ಟೂಲಿನ ಕಾಲು ಅಲ್ಲಾಡತ್ತೆ ಕಣೋ. ಅವರು ಇಳಿಯೋ ತನಕ ಒಳಗೆ ಉಸಿರು ಬಿಗಿ ಹಿಡಿದು ಮಲಗಿರ್ತೀನಿ. ನಾಳೆಯಿಂದ ನೀನು ಎದ್ದು ಹಿಡ್ಕೋ. ನಾ ಹೇಳಿದೆ ಅನ್ನಬೇಡ."

ಮರುದಿನ ನಸುಕಿನಲ್ಲಿ ಎದ್ದು ಸ್ಟೂಲನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ. ಚಿಕ್ಕಪ್ಪ ಕಡೆಯ ಗಂಟು ಬಿಗಿದು, ಒಂದೊಂದೇ ಕಾಲು ಕೆಳಗಿಟ್ಟು, ನೆಲ ಮುಟ್ಟಿದರು. ಒಳಕೋಣೆಯಿಂದ ಒಂದು ಉದ್ದನೆಯ ಉಸಿರು ಕೇಳಿಸಿತು.